ಹೆಪ್ಪು ಯಾವ ಮನೇದು?

"'ಈ ಊರಿನ ಮೂಲ ನಮ್ಮ ಮನೆತನ' ಅಂತ ಈ ಕಲ್ಲಿನ ಮೇಲೆ ಕೆತ್ತು. ಆಗದಿದ್ರೆ ಊರು ಬಿಡು," ಎಂದರು ಗೌಡರು.

ಕಲ್ಲುಕುಟಿಗ ಕೈಮುಗಿದ. "ಆಗಲಿ ಗೌಡ್ರೇ. ಮೊದಲು ಕಲ್ಲಿಗೆ ಮೊಸರು ಎರೀಬೇಕು. ಮೂಲದ ಕಲ್ಲಲ್ವೇ, ಬೇರೆ ಮನೆ ಹೆಪ್ಪು ತಾಕದ ಮೊಸರೇ ಆಗಬೇಕು."

ಗೌಡರು ಹೆಂಡತಿಯನ್ನು ಕೇಳಿದರು. "ನಮ್ಮ ಹೆಪ್ಪು ಹೋದ ತಿಂಗಳೇ ಕೆಟ್ಟಿತ್ತು. ಕುಂಬಾರರ ಲಿಂಗವ್ವನ ಹತ್ರ ಇಸ್ಕೊಂಡೆ," ಎಂದರು ಆಕೆ.

ಲಿಂಗವ್ವನನ್ನು ಕರೆಸಿದರು. ಅವಳು ತಂದದ್ದು ಗಾಣಿಗರ ಸಿದ್ದಮ್ಮನ ಮನೆಯಿಂದ. ಮುದುಕಿ ಸಿದ್ದಮ್ಮನನ್ನೂ ಕರೆಸಿದರು. ಅವಳು ನಕ್ಕಳು: "ನನಗೆ ಕೊಟ್ಟೋರು ನಿಮ್ಮವ್ವನೇ ಗೌಡ್ರೇ. ಅವರು ಯಾರ ಮನೇಲಿ ಇಸ್ಕೊಂಡಿದ್ರೋ!"

ಗೌಡರು ಕಲ್ಲುಕುಟಿಗನ ಕಡೆ ತಿರುಗಿದರು. "ಉಳಿ ಚೀಲಕ್ಕೆ ಹಾಕು," ಎಂದರು.

ಆ ಕಲ್ಲು ಈಗಲೂ ಗೌಡರ ಬಾಗಿಲಲ್ಲಿ ಒಂದಕ್ಷರವೂ ಇಲ್ಲದೆ ಬಿದ್ದಿದೆ. ಹೆಪ್ಪು ಕೇಳಲು ಬಂದವರು ಅದರ ಮೇಲೆ ಬಟ್ಟಲು ಇಟ್ಟು ಕಾಯುತ್ತಾರೆ.