ದಾಸಿಯ ಬೆನ್ನು

ಮಲಪ್ರಭೆಯ ದಂಡೆಯಲ್ಲಿ ಒಂದು ನಾಟಕ ಕಂಪನಿ ಡೇರೆ ಹಾಕಿತ್ತು. ಅದರಲ್ಲಿ ಸೋನಾಬಾಯಿ ಎಂಬ ಮುದುಕಿ ಇದ್ದಳು. ನಲವತ್ತು ವರ್ಷ ರಂಗದ ಮೇಲೆ ಅತ್ತೆ, ಸೂಲಗಿತ್ತಿ, ದಾಸಿ. ಹನ್ನೊಂದು ಸಿನಿಮಾದಲ್ಲೂ ಅದೇ. ಮುಖ ಕಂಡರೆ ಜನ ನಗುತ್ತಿದ್ದರು, ಹೆಸರು ಮಾತ್ರ ಯಾರಿಗೂ ನೆನಪಾಗುತ್ತಿರಲಿಲ್ಲ.

ಅವಳ ಶಿಷ್ಯೆ ನಿಂಬೆವ್ವನಿಗೆ ತಲೆ ಚಿಟ್ಟು ಹಿಡಿದಿತ್ತು. ಆರು ವರ್ಷದಿಂದ ದಾಸಿ! ಬಾಗು, "ಅಪ್ಪಣೆ, ಮಹಾರಾಣಿ" ಅನ್ನು, ಒಳಗೆ ಹೋಗು. ಮುಗಿಯಿತು.

ಹಿಂದಿನ ರಾತ್ರಿಯ ಆಟದಲ್ಲಿ ಅವಳಿಗೆ ತಡೆಯಲಾಗಲಿಲ್ಲ. ರಾಣಿ ಮಗನ ಹೆಣದ ಮುಂದೆ ಅಳುವಾಗ ಮೂಲೆಯಲ್ಲಿದ್ದ ದಾಸಿ ಎದೆ ಬಡಿದುಕೊಂಡು ಅವಳಿಗಿಂತ ಜೋರಾಗಿ ಅತ್ತಳು. ಜನ ಸಿಳ್ಳೆ ಹೊಡೆದರು. ರಾಣಿಯ ದುಃಖ ನೀರಲ್ಲಿ ಹೋಮವಾಯಿತು. ಮಾಲೀಕರು ಬೈದರು.

ಬೆಳಿಗ್ಗೆ ನಿಂಬೆವ್ವ ಟ್ರಂಕು ಹಿಡಿದು ಹೊಳೆಗೆ ಬಂದಳು. ಸೋನಾಬಾಯಿ ಎಲೆ ಅಡಿಕೆ ಕುಟ್ಟುತ್ತಿದ್ದಳು.

"ಬಾಯಾರ, ಸಾಕಾಗೇತ್ರಿ. ರಾಣಿ ಪಾರ್ಟು ಕೊಡಸ್ರಿ, ಇಲ್ಲಾಂದ್ರ ನಾ ಊರಿಗಿ ಹೊಂಟೆ."

"ಮಾಡಾಕ ಬರ್ತೈತೇನು?"

"ಮಾತೆಲ್ಲಾ ಬಾಯಿಪಾಠ ಅದಾವ್ರಿ."

"ಹಂಗಾರ ಮಾಡು. ನಾ ದಾಸಿ ಆಗ್ತೀನಿ."

ನಿಂಬೆವ್ವ ಬಟ್ಟೆ ಒಗೆಯುವ ಬಂಡೆ ಹತ್ತಿ ಗದ್ದ ಎತ್ತಿದಳು. "ಯಾರಲ್ಲಿ!"

ಸೋನಾಬಾಯಿ ಬೆನ್ನು ಕೆರೆದುಕೊಳ್ಳುತ್ತ, ಎಲೆ ಜಗಿಯುತ್ತ ಬಂದಳು. "ಏನ್ಬೇ? ಎದಕ ಕರದಿ?"

ನಿಂಬೆವ್ವ ಮತ್ತೆ ಕೂಗಿದಳು. ಮುದುಕಿ ಆಕಳಿಸಿದಳು. ಮೂರನೆಯ ಸಲ ಕೂಗುವಾಗ ದನಿ ಒಡೆಯಿತು. ಬಟ್ಟೆ ಒಗೆಯುತ್ತಿದ್ದ ಹೆಂಗಸರು ಕಿಸಕ್ಕನೆ ನಕ್ಕರು.

"ಬಾಯಾರ!" ನಿಂಬೆವ್ವನಿಗೆ ಸಿಟ್ಟಿಗೆ ಅಳುವೇ ಬಂತು. "ನೀವು ಹಿಂಗ ನಿಂತ್ರ ನಾ ಹೆಂಗ ರಾಣಿ ಆಗ್ಲಿ?"

ಸೋನಾಬಾಯಿ ಎಲೆ ಉಗಿದು ಬಾಯಿ ತೊಳೆದುಕೊಂಡಳು. ಸೆರಗು ಹೊದ್ದಳು. ಮತ್ತೆ ಬಂದಳು. ತಲೆ ಎತ್ತಲಿಲ್ಲ. ನಾಲ್ಕು ಹೆಜ್ಜೆ ದೂರದಲ್ಲೇ ನಿಂತು, ವಯಸ್ಸಿಗೆ ನೋಯುತ್ತಿದ್ದ ಬೆನ್ನನ್ನು ಬಾಗಿಸಿದಳು.

"ಅಪ್ಪಣೆ, ಮಹಾರಾಣಿ."

ಒಗೆಯುತ್ತಿದ್ದವರ ಕೈ ನಿಂತಿತು. ಅವರಲ್ಲಿ ಒಬ್ಬಳೂ ಮುದುಕಿಯನ್ನು ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಬಂಡೆಯ ಮೇಲಿದ್ದ ನಿಂಬೆವ್ವನ ಮೇಲಿತ್ತು. ಈ ಸಲ ಅವಳು ಇನ್ನೂ ಬಾಯಿಯನ್ನೇ ತೆರೆದಿರಲಿಲ್ಲ.

ನಿಂಬೆವ್ವ ಮೆಲ್ಲಗೆ ಕೆಳಗಿಳಿದಳು.

"ನಲವತ್ತು ವರ್ಷ ಹಿಂಗ ಬಾಗೀರಿ. ನಿಮಗ ಎಂದೂ ಬ್ಯಾಸರ ಬರ್ಲಿಲ್ಲೇನ್ರಿ?"

"ಬರದ ಏನು? ದಿನಾ ಬಂತು." ಸೋನಾಬಾಯಿ ಸೊಂಟ ಹಿಡಿದುಕೊಂಡು ನೆಟ್ಟಗಾದಳು. "ಹದಿನೇಳು ಮಂದೀನ ರಾಣಿ ಮಾಡೀನಿ. ಒಬ್ಬಾಕಿಗೂ ಗೊತ್ತಾಗ್ಲಿಲ್ಲ, ನೋಡು."