ಒಂದು ಕಣ್ಣಿಗೆ ಹನಿ

"ಗುರುಗಳೇ, ಒಂದು ವರ್ಷ ಧ್ಯಾನ ಬಿಟ್ಟು ನೋಡಬಹುದೇ?" ಎಂದು ಶಿಷ್ಯ ಕೇಳಿದ.

ಗುರು ಕಾರಣ ಕೇಳಲಿಲ್ಲ. ಶಿಷ್ಯನೇ ಹೇಳಿದ. ಆರು ವರ್ಷದಿಂದ ಅವನು ದಿನವೂ ಬೆಳಿಗ್ಗೆ ಒಂದು ತಾಸು ಧ್ಯಾನಕ್ಕೆ ಕೂರುತ್ತಿದ್ದ. ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ಬಂದಾಗ ಹೇಗಿದ್ದನೋ ಇಂದಿಗೂ ಹಾಗೆಯೇ ಇದ್ದ. ಆಗ ಬರುತ್ತಿದ್ದ ಸಿಟ್ಟು ಈಗಲೂ ಬರುತ್ತಿತ್ತು. ಆಗಿನ ಭಯ ಈಗಲೂ ಇತ್ತು.

"ಬೇಸರದಿಂದ ಕೇಳುತ್ತಿಲ್ಲ," ಎಂದ. "ತಿಳಿಯಬೇಕಾಗಿದೆ. ಬಿಟ್ಟಮೇಲೆ ಏನಾದರೂ ಕೆಟ್ಟರೆ ಧ್ಯಾನದಿಂದ ಉಪಯೋಗವಿತ್ತು ಎಂದಾಯಿತು. ಮತ್ತೆ ಹಿಡಿಯುತ್ತೇನೆ. ಏನೂ ಕೆಡದಿದ್ದರೆ ಆ ಒಂದು ತಾಸು ಬೇರೆ ಕೆಲಸಕ್ಕೆ ಸಿಗುತ್ತದೆ."

"ಕ್ರಮ ಚೆನ್ನಾಗಿದೆ," ಎಂದರು ಗುರು. "ಇದೇ ಕ್ರಮ ಹಿಡಿದಿದ್ದ ಒಬ್ಬ ಬಡಗಿಯ ಕತೆ ಹೇಳುತ್ತೇನೆ, ಕೇಳು."

ಒಂದು ಊರಿನಲ್ಲಿ ಒಬ್ಬ ಬಡಗಿಯಿದ್ದ. ಬಾಗಿಲು, ಕಿಟಕಿ, ತೊಟ್ಟಿಲು ಮಾಡುತ್ತಿದ್ದ. ಅವನು ಕೂರಿಸಿದ ಬಾಗಿಲು ಎಂಥ ಮಳೆಗಾಲದಲ್ಲೂ ಉಬ್ಬಿ ಸಿಕ್ಕಿಕೊಳ್ಳುತ್ತಿರಲಿಲ್ಲ. ಊರವರು ಎದುರಿಗೆ ಅವನನ್ನು 'ಆಚಾರ್ರೇ' ಎನ್ನುತ್ತಿದ್ದರು. ಬೆನ್ನ ಹಿಂದೆ 'ಅನುಮಾನದ ಆಚಾರಿ' ಎನ್ನುತ್ತಿದ್ದರು. ಯಾಕೆಂದರೆ ಅವನು ಯಾರ ಮಾತನ್ನೂ ಮಾತು ಎಂಬ ಕಾರಣಕ್ಕೆ ನಂಬುತ್ತಿರಲಿಲ್ಲ.

ಒಮ್ಮೆ ಒಬ್ಬ ವ್ಯಾಪಾರಿ ಎಣ್ಣೆ ತಂದ. ಇದನ್ನು ಬಳಿದ ಮರಕ್ಕೆ ಗೆದ್ದಲು ಬರುವುದಿಲ್ಲ ಎಂದ. ಬಡಗಿ ಹೌದೆನ್ನಲಿಲ್ಲ, ಅಲ್ಲವೆನ್ನಲಿಲ್ಲ. ಒಂದೇ ಹಲಗೆಯನ್ನು ನಡುವೆ ಕೊಯ್ದು ಎರಡು ತುಂಡು ಮಾಡಿದ. ಒಂದಕ್ಕೆ ಎಣ್ಣೆ ಬಳಿದ. ಇನ್ನೊಂದನ್ನು ಹಾಗೆಯೇ ಬಿಟ್ಟ. ಎರಡನ್ನೂ ಹಿತ್ತಲ ಮಣ್ಣಿನಲ್ಲಿ ಅಕ್ಕಪಕ್ಕ ಹೂತ. ಮಳೆಗಾಲ ಕಳೆದ ಮೇಲೆ ತೆಗೆದು ನೋಡಿದ. ಬಳಿಯದ ತುಂಡು ಕೈಯಲ್ಲೇ ಪುಡಿಯಾಯಿತು. ಬಳಿದದ್ದು ಹೂತಾಗ ಇದ್ದಂತೆಯೇ ಇತ್ತು. ಅಂದಿನಿಂದ ಆ ಎಣ್ಣೆಯನ್ನು ಕೊಂಡ. ಬಣ್ಣ, ಅಂಟು, ಮೊಳೆ, ಎಲ್ಲಕ್ಕೂ ಅವನದು ಇದೇ ಪರೀಕ್ಷೆ. "ಮನುಷ್ಯರು ಏನಾದರೂ ಹೇಳುತ್ತಾರೆ. ಎರಡು ತುಂಡು ಪಕ್ಕಪಕ್ಕ ಇಟ್ಟರೆ ಮರವೇ ಹೇಳುತ್ತದೆ," ಎನ್ನುತ್ತಿದ್ದ.

ಐವತ್ತು ದಾಟಿದ ಮೇಲೆ ಪೆನ್ಸಿಲ್ ಗೀರು ಮಸುಕಾಗತೊಡಗಿತು. ಕನ್ನಡಕಕ್ಕೆಂದು ಪಟ್ಟಣದ ಕಣ್ಣಿನ ಆಸ್ಪತ್ರೆಗೆ ಹೋದ. ವೈದ್ಯೆ ಕನ್ನಡಕ ಬರೆದುಕೊಟ್ಟು, ಇನ್ನೂ ಸ್ವಲ್ಪ ಹೊತ್ತು ಕೂರಿಸಿಕೊಂಡಳು. ಕಣ್ಣಿನ ಒತ್ತಡ ಅಳೆದಳು. ಬಟ್ಟಲಿನಂಥ ಒಂದು ಯಂತ್ರದೊಳಗೆ ಮುಖವಿಡಿಸಿದಳು. ನಡುವಿನ ಗುರುತನ್ನೇ ನೋಡುತ್ತ, ಸುತ್ತ ಎಲ್ಲಿ ಬೆಳಕಿನ ಚುಕ್ಕಿ ಮಿನುಗಿದರೂ ಗುಂಡಿ ಒತ್ತಬೇಕು. ಮೊದಲು ಒಂದು ಕಣ್ಣು, ಆಮೇಲೆ ಇನ್ನೊಂದು. ಯಂತ್ರ ಎರಡು ಹಾಳೆ ಕೊಟ್ಟಿತು. ಎರಡರ ಅಂಚಿನಲ್ಲೂ ಬೂದು ಬಣ್ಣದ ಕಲೆಯಿತ್ತು.

"ಇದಕ್ಕೆ ಗ್ಲಾಕೋಮಾ ಅಂತಾರೆ," ಎಂದಳು ವೈದ್ಯೆ. "ಒಳಗಿನ ಒತ್ತಡ ಕಣ್ಣಿನ ನರವನ್ನು ತಿನ್ನುತ್ತಾ ಹೋಗುತ್ತೆ. ನೋವಿರಲ್ಲ. ಎರಡು ಕಣ್ಣಲ್ಲೂ ಒಂದೇ ಸಮ ಇದೆ. ದಿನಾ ಸಂಜೆ ಎರಡಕ್ಕೂ ಒಂದೊಂದು ಹನಿ ಔಷಧ ಹಾಕಿ."

"ಎಷ್ಟು ದಿನ, ಡಾಕ್ಟ್ರಮ್ಮ?"

"ಬದುಕಿರೋವರೆಗೂ."

"ಹಾಕಿದರೆ ಈಗಿನಕ್ಕಿಂತ ಚೆನ್ನಾಗಿ ಕಾಣುತ್ತಾ?"

"ಇಲ್ಲ. ಈಗ ಕಂಡ ಹಾಗೇ ಕಾಣುತ್ತೆ."

"ಹಾಕದೇ ಇದ್ದರೆ?"

"ಸ್ವಲ್ಪ ಕಾಲ ನಿಮಗೆ ಈಗ ಕಂಡ ಹಾಗೇ ಕಾಣುತ್ತೆ. ಅದೇ ಇದರ ಮೋಸ."

ಬಸ್ಸಿನಲ್ಲಿ ಬರುವಾಗ ಬಡಗಿ ಇದನ್ನೇ ತಿರುವಿ ಹಾಕಿದ. ಹಾಕಿದರೆ ಹೀಗೇ ಕಾಣುತ್ತದೆ. ಹಾಕದಿದ್ದರೂ ಹೀಗೇ ಕಾಣುತ್ತದೆ. ಹಾಗಾದರೆ ಬಾಟಲಿಯಲ್ಲಿರುವುದು ಏನು? ಅವನಿಗೆ ಸಿಟ್ಟು ಬರಲಿಲ್ಲ. ಕುತೂಹಲ ಹುಟ್ಟಿತು.

ಆದರೂ ಆರು ತಿಂಗಳು ನಿಷ್ಠೆಯಿಂದ ಹಾಕಿದ. ದೀಪ ಹಚ್ಚುವ ಹೊತ್ತಿಗೆ ಗೋಡೆಗೊರಗಿ ಕೂತು, ಕೆಳರೆಪ್ಪೆ ಎಳೆದು, ಹನಿ ಬಿಟ್ಟು, ಮೂಗಿನ ಪಕ್ಕ ಬೆರಳೊತ್ತಿ ಕಣ್ಣು ಮುಚ್ಚುತ್ತಿದ್ದ. ಮೊದಮೊದಲು ಹನಿ ಕೆನ್ನೆಗೆ ಬೀಳುತ್ತಿತ್ತು, ಮೀಸೆಗೆ ಬೀಳುತ್ತಿತ್ತು. ಕಣ್ಣು ಉರಿಯುತ್ತಿತ್ತು. ಬೆಳಿಗ್ಗೆ ಎದ್ದಾಗ ಕೆಂಪಗಿರುತ್ತಿತ್ತು. ಅದರ ಮೇಲೆ ಮರದ ಹೊಟ್ಟು ಬೇರೆ.

"ಏನ್ ಆಚಾರ್ರೇ, ಹೊತ್ತು ಹುಟ್ಟೋಕ್ ಮುಂಚೆನೇ ಶುರುವಾ?" ಎಂದು ಮರ ಕೊಯ್ಯುವವನು ಛೇಡಿಸಿದ. ಎಂದೂ ಹೆಂಡ ಮುಟ್ಟದ ಬಡಗಿ ಎರಡು ದಿನ ಅವನ ಜೊತೆ ಮಾತು ಬಿಟ್ಟ.

ತಪಾಸಣೆಗೆ ಹೋದಾಗ ವೈದ್ಯೆ ನೋಡಿ, "ಹಾಗೇ ಇದೆ. ತುಂಬಾ ಸಂತೋಷ," ಎಂದಳು. ಹಾಗೇ ಇರುವುದರಲ್ಲಿ ಸಂತೋಷವೇನು ಎಂದು ಬಡಗಿಗೆ ತಿಳಿಯಲಿಲ್ಲ. ಮತ್ತೆ ಮೂರು ವರ್ಷ ಆಸ್ಪತ್ರೆಯ ಕಡೆ ಹೋಗಲಿಲ್ಲ. ಅಂದು ಮನೆಗೆ ಬಂದು ಕೂತು ಯೋಚಿಸಿದ. ಎರಡು ಕಣ್ಣು. ರೋಗ ಒಂದೇ, ಸಮಸಮ. ಒಂದೇ ಹಲಗೆಯ ಎರಡು ತುಂಡು.

ಅಂದು ಸಂಜೆಯಿಂದ ಬಲಗಣ್ಣಿಗೆ ಮಾತ್ರ ಹನಿ ಹಾಕಿದ. ಎಡಗಣ್ಣನ್ನು ಬಿಟ್ಟ.

"ಎಡಗಣ್ಣನ್ನೇ ಯಾಕೆ?" ಎಂದು ಶಿಷ್ಯ ನಡುವೆ ಕೇಳಿದ.

"ಹಲಗೆ ಡೊಂಕಿದೆಯೇ ಎಂದು ಬಡಗಿ ಹೇಗೆ ನೋಡುತ್ತಾನೆ? ಎಡಗಣ್ಣು ಮುಚ್ಚಿ ಬಲಗಣ್ಣಿನಿಂದ ಅಂಚಿನ ನೇರ ನೋಡುತ್ತಾನೆ. ಕಸುಬಿಗೆ ಬೇಡದ ಕಣ್ಣನ್ನು ಪಣಕ್ಕಿಟ್ಟ. ಅಷ್ಟು ಎಚ್ಚರ ಅವನಿಗಿತ್ತು," ಎಂದು ಗುರು ಮುಂದುವರಿಸಿದರು.

ಪರೀಕ್ಷೆಗೆ ಅಳತೆ ಬೇಕಲ್ಲ. ಕೆಲಸದ ಚಪ್ಪರದ ಆಚೆ ಗೋಡೆಯಲ್ಲಿ ಒಂದು ಮೊಳೆ ಹೊಡೆದ. ಪ್ರತಿ ಅಮಾವಾಸ್ಯೆಯ ದಿನ ಉಳಿಗೆ ಬಿಡುವು. ಅಂದು ಬೆಳಿಗ್ಗೆ ಹತ್ತು ಹೆಜ್ಜೆ ದೂರ ನಿಂತು, ಎಡಗಣ್ಣು ಮುಚ್ಚಿ ಮೊಳೆಯ ತಲೆ ನೋಡುವನು. ಬಲಗಣ್ಣು ಮುಚ್ಚಿ ನೋಡುವನು. ಎರಡಕ್ಕೂ ಮೊಳೆ ಒಂದೇ ಥರ ಕಾಣುತ್ತಿತ್ತು. ಗೋಡೆಯ ಮೇಲೆ ಪೆನ್ಸಿಲಿನಿಂದ ಒಂದು ಗೆರೆ ಎಳೆಯುವನು. ಒಂದು ಮಳೆಗಾಲ ಕಳೆಯಿತು. ಹನ್ನೆರಡು ಗೆರೆ. ವ್ಯತ್ಯಾಸವಿಲ್ಲ. ಬೇರೆ ಯಾರಾದರೂ ಆಗಿದ್ದರೆ ಅಲ್ಲಿಗೆ ಔಷಧವನ್ನೇ ಬಿಟ್ಟುಬಿಡುತ್ತಿದ್ದರು. ಬಡಗಿ ಹಾಗೆ ಅವಸರ ಮಾಡಲಿಲ್ಲ. ತೇಗದ ಮರವಾದರೆ ಒಂದು ಮಳೆಗೆ ಏನೂ ಆಗುವುದಿಲ್ಲ, ಇನ್ನೆರಡು ಮಳೆಗಾಲ ನೋಡೋಣ ಎಂದುಕೊಂಡ.

ಆ ಎರಡು ವರ್ಷದಲ್ಲಿ ಸಣ್ಣಪುಟ್ಟವು ಕೆಲವು ನಡೆದವು. ಎಡ ಮೊಣಕೈ ಬಾಗಿಲಿಗೆ ಬಡಿಯಿತು. ಎಡಗಡೆ ಇಟ್ಟ ಉಳಿ ಕಾಲ ಮೇಲೆ ಬಿತ್ತು. ಬೀದಿಯಲ್ಲಿ ಒಂದು ಸೈಕಲ್ಲು ಎಲ್ಲಿಂದಲೋ ಉದುರಿದಂತೆ ಪಕ್ಕದಲ್ಲಿ ಬಂದು ನಿಂತು ಬೈದು ಹೋಯಿತು. ಬಡಗಿ ಕ್ರಮವಾಗಿ ಕಾರಣ ಹುಡುಕಿದ. ಬಾಗಿಲು ಕಿರಿದು. ನೆಲ ಇಳಿಜಾರು. ಸೈಕಲ್ಲಿಗೆ ಬೆಲ್ಲಿಲ್ಲ.

ಒಂದು ದಿನ ಊಟದ ನಡುವೆ ನೀರಿನ ಲೋಟ ಕೈತಾಗಿ ಉರುಳಿತು.

"ಲೋಟ ಇಡೋಕೆ ಬೇರೆ ಜಾಗ ಸಿಗಲಿಲ್ವಾ ನಿನಗೆ?" ಎಂದ ಹೆಂಡತಿಗೆ.

"ಮದುವೆಯಾದಾಗಿಂದ ಅಲ್ಲೇ ಇಡ್ತಿದೀನಿ. ಇವತ್ತು ಲೋಟಕ್ಕೆ ಕಾಲು ಬಂತಾ?" ಎಂದಳು ಅವಳು.

ಒರೆಸಲು ಬಗ್ಗಿದವಳು ಹತ್ತಿರದಿಂದ ಅವನ ಮುಖ ನೋಡಿದಳು. ನೋಡಿ ನಗತೊಡಗಿದಳು.

"ಏನ್ರೀ ಇದು! ಬಲಗಣ್ಣಿಗೆ ಮದುಮಗಳ ರೆಪ್ಪೆ ಬಂದಿದೆ. ಕಾಡಿಗೆ ತೀಡೋದೊಂದು ಬಾಕಿ. ಎಡಗಣ್ಣು ಮಾತ್ರ ನಮ್ಮ ಹಳೇ ಆಚಾರ್ರದೇ."

ಬಡಗಿ ಕನ್ನಡಿ ತಂದು ನೋಡಿದ. ನಿಜ. ಬಲಗಣ್ಣಿನ ರೆಪ್ಪೆಗೂದಲು ಉದ್ದವಾಗಿ, ಕಪ್ಪಾಗಿ ಬೆಳೆದಿತ್ತು. ಎಡಗಣ್ಣಿನದು ಮೊದಲಿನಂತೆಯೇ ಇತ್ತು. ಅವನಿಗೆ ಬಹಳ ಖುಷಿಯಾಯಿತು. ಮೂರು ವರ್ಷದ ಪರೀಕ್ಷೆಯಲ್ಲಿ ಕಡೆಗೂ ಒಂದು ವ್ಯತ್ಯಾಸ ಸಿಕ್ಕಿತು. ಔಷಧದಲ್ಲಿ ಏನೋ ಇದೆ, ಆದರೆ ಅದು ಕೂದಲಿಗೆ ಎಂದುಕೊಂಡ. ಖುಷಿಯಲ್ಲಿ ಹೆಂಡತಿಗೆ ಎಲ್ಲವನ್ನೂ ಹೇಳಿದ. ಹಲಗೆ, ಎರಡು ತುಂಡು, ಮೊಳೆ, ಗೆರೆ.

ಅವಳ ನಗು ನಿಂತಿತು.

"ಅದಕ್ಕೇ ಬಾಟಲಿ ಎರಡರಷ್ಟು ದಿನ ಬರ್ತಿತ್ತು," ಎಂದಳು. "ಅಂಗಡಿಯವನು ದೊಡ್ಡ ಬಾಟಲಿ ಕೊಡ್ತಿದಾನೆ, ಒಳ್ಳೆಯವನು ಅಂದುಕೊಂಡಿದ್ದೆ. ಮೇಲೇಳಿ. ಈಗಲೇ ಹೊರಟರೆ ಬಸ್ಸು ಸಿಗುತ್ತೆ."

"ಊಟ?"

"ಊಟಕ್ಕೇನು, ಕಣ್ಣು ಮುಚ್ಚಿಕೊಂಡೂ ಉಣ್ಣಬಹುದು."

ಆಸ್ಪತ್ರೆಯಲ್ಲಿ ಅದೇ ವೈದ್ಯೆ ಇದ್ದಳು. ಎಲ್ಲವನ್ನೂ ಕೇಳಿಸಿಕೊಂಡಳು. ಬೈಯಲಿಲ್ಲ. ಅವನನ್ನು ಬಟ್ಟಲಿನ ಯಂತ್ರದ ಮುಂದೆ ಕೂರಿಸಿದಳು. ಎಡಗಣ್ಣಿಗೆ ಪಟ್ಟಿ ಕಟ್ಟಿ ಮೊದಲು ಬಲಗಣ್ಣನ್ನು ಪರೀಕ್ಷಿಸಿದಳು. ಚುಕ್ಕಿಗಳು ಇಲ್ಲಿ, ಅಲ್ಲಿ, ಮೇಲೆ, ಕೆಳಗೆ ಮಿನುಗಿದವು. ಬಡಗಿ ಗುಂಡಿ ಒತ್ತುತ್ತ ಹೋದ. ಆಮೇಲೆ ಪಟ್ಟಿಯನ್ನು ಬಲಗಣ್ಣಿಗೆ ಕಟ್ಟಿದಳು.

ಬಡಗಿ ನಡುವಿನ ಗುರುತನ್ನು ನೋಡುತ್ತ ಕೂತ. ಗುರುತು ಸ್ಪಷ್ಟವಾಗಿ ಕಾಣುತ್ತಿತ್ತು. ಬೆರಳು ಗುಂಡಿಯ ಮೇಲೆ ಸಿದ್ಧವಾಗಿತ್ತು. ಒಂದು ಚುಕ್ಕಿ ಬಂತು, ಒತ್ತಿದ. ಆಮೇಲೆ ಏನೂ ಬರಲಿಲ್ಲ. ಕಾದ. ಇನ್ನೂ ಕಾದ. ಕೆಲಸದ ಮನುಷ್ಯ, ಸುಮ್ಮನೆ ಕೂರಲು ಬೇಸರವಾಯಿತು.

"ಡಾಕ್ಟ್ರಮ್ಮ, ನಿಮ್ಮ ಯಂತ್ರ ನಿಂತುಹೋಗಿದೆ."

"ಇಲ್ಲ ಆಚಾರ್ರೇ. ಚುಕ್ಕಿಗಳು ಬರ್ತಾ ಇವೆ."

ಬಡಗಿಯ ಬೆರಳು ಗುಂಡಿಯ ಮೇಲೆ ಹಾಗೆಯೇ ಇತ್ತು.

ವೈದ್ಯೆ ಹಾಳೆಗಳನ್ನು ತಂದಳು. ಬಲಗಣ್ಣಿನ ಹಾಳೆ ಮೂರು ವರ್ಷದ ಹಿಂದಿನ ಹಾಳೆಯಂತೆಯೇ ಇತ್ತು, ಅಂಚಿನಲ್ಲಿ ಅದೇ ಬೂದು ಕಲೆ. ಎಡಗಣ್ಣಿನ ಹಾಳೆ ಕಪ್ಪಗಿತ್ತು. ನಡುವೆ ಕಡಲೆಯಷ್ಟು ಜಾಗ ಮಾತ್ರ ಬಿಳಿ.

"ನಾನು ಪ್ರತಿ ತಿಂಗಳು ನೋಡಿದ್ದೀನಿ," ಎಂದ ಬಡಗಿ. "ಮೊಳೆ ಕಾಣುತ್ತಿತ್ತು."

"ಮೊಳೆ ಈಗಲೂ ಕಾಣುತ್ತೆ. ಈ ರೋಗ ನಡುವಿನದನ್ನು ಕಡೆಗೆ ತಿನ್ನೋದು. ಮೊಳೆಯ ಸುತ್ತಲಿನ ಗೋಡೆ ಕಾಣುತ್ತಾ ಅಂತ ನೋಡಿದ್ರಾ?"

ನೋಡಿರಲಿಲ್ಲ. ಎರಡು ಕಣ್ಣು ತೆರೆದಾಗ ಗೋಡೆ ಪೂರ್ತಿ ಕಾಣುತ್ತಿತ್ತು. ಎಡಗಣ್ಣು ಕಳೆದುಕೊಂಡದ್ದನ್ನೆಲ್ಲ ಬಲಗಣ್ಣು ಸದ್ದಿಲ್ಲದೆ ತುಂಬಿಕೊಡುತ್ತಿತ್ತು. ತುಂಬಲಾರದೆ ಉಳಿದದ್ದು ಎಡಬದಿಯ ಒಂದು ಅಂಚು ಮಾತ್ರ. ಲೋಟ ಇದ್ದದ್ದು ಅಲ್ಲಿ.

ಬಡಗಿ ಎರಡು ಹಾಳೆಗಳನ್ನು ಮೇಜಿನ ಮೇಲೆ ಪಕ್ಕಪಕ್ಕ ಇಟ್ಟ. ಬಹಳ ಹೊತ್ತು ನೋಡಿದ. ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡು ಗೋಡೆಯ ಕಡೆ ತಿರುಗಿದ್ದಳು.

"ಔಷಧ ಕೆಲಸ ಮಾಡುತ್ತೆ," ಎಂದ.

"ಮಾಡುತ್ತೆ," ಎಂದಳು ವೈದ್ಯೆ.

"ಇನ್ನು ಮೇಲೆ ಎಡಗಣ್ಣಿಗೂ ಹಾಕಿದರೆ?"

"ಈ ಬಿಳಿ ಇದೆಯಲ್ಲ, ಇದು ಉಳಿಯಬಹುದು. ಹೋದದ್ದು ಬರಲ್ಲ."

ಅಂದಿನಿಂದ ಬಡಗಿ ಎರಡು ಕಣ್ಣಿಗೂ ಹನಿ ಹಾಕಿದ. ಸಾಮಾನುಗಳನ್ನೆಲ್ಲ ಬಲಗಡೆಗೆ ಜೋಡಿಸಿಕೊಂಡ. ಬೀದಿಗಿಳಿಯುವ ಮುಂಚೆ ಕತ್ತನ್ನು ಪೂರ್ತಿ ಎಡಕ್ಕೆ ತಿರುಗಿಸುವುದನ್ನು ಕಲಿತ. ಜೊತೆಯಲ್ಲಿ ನಡೆಯುವಾಗ ಹೆಂಡತಿ ಏನೂ ಹೇಳದೆ ಅವನ ಎಡಗಡೆಗೆ ಬಂದಳು. ಅವನು ಬಾಗಿಲು ಮಾಡುವುದನ್ನು ಬಿಡಲಿಲ್ಲ. ಅವನ ಬಾಗಿಲುಗಳು ಡೊಂಕಾಗಲೂ ಇಲ್ಲ.

ಗುರು ಕತೆ ನಿಲ್ಲಿಸಿದರು. ಶಿಷ್ಯ ಕತೆಯನ್ನು ತುಂಡು ತುಂಡಾಗಿ ಪರಿಶೀಲಿಸುತ್ತಿದ್ದ ಎಂಬುದು ಮುಖದಲ್ಲಿ ಕಾಣುತ್ತಿತ್ತು.

"ಗುರುಗಳೇ, ಬಡಗಿ ತಪ್ಪಿದ್ದು ಅಳತೆಯಲ್ಲಿ," ಎಂದ. "ಮೊಳೆಯ ಬದಲು ಸುತ್ತಲಿನ ಗೋಡೆಯನ್ನು ನೋಡಿದ್ದರೆ ಬೇಗ ತಿಳಿಯುತ್ತಿತ್ತು. ನಾನು ಆ ಎಚ್ಚರ ವಹಿಸುತ್ತೇನೆ. ಉಳಿದಂತೆ ಅವನ ಪರೀಕ್ಷೆ ಸರಿಯಾಗಿಯೇ ಇತ್ತು. ಕಡೆಗೆ ಅವನಿಗೆ ಸತ್ಯ ತಿಳಿಯಿತಲ್ಲ, ಕೆಲಸವೂ ನಿಲ್ಲಲಿಲ್ಲವಲ್ಲ."

"ನಿಲ್ಲಲಿಲ್ಲ," ಎಂದರು ಗುರು. "ಅವನಿಗೆ ಕಣ್ಣು ಎರಡಿದ್ದವು, ನಿನಗೆ ಮನಸ್ಸು ಎಷ್ಟಿವೆ?"