ಹೇಂಟೆ ಕೊಟ್ಟ ಕ್ಷಮೆ

ಚರ್ಚಿನ ಹಿತ್ತಲಲ್ಲಿದ್ದ ಬೆಕ್ಕೂ ನಾಯಿಯೂ ಒಂದೇ ದಿನ ಹೇಂಟೆ ಕೋಳಿಯ ಒಂದೊಂದು ಮರಿಯನ್ನು ತಿಂದುಬಿಟ್ಟವು. ಪಾದ್ರಿಗಳು ಎರಡನ್ನೂ ಗದರಿಸಿ ಅವುಗಳ ಊಟ ನಿಲ್ಲಿಸಿದರು.

ಬೆಕ್ಕು ಹೇಂಟೆಯ ಮುಂದೆ ಹೊರಳಾಡಿ ಅತ್ತಿತು. "ನಾನು ಪಾಪಿ, ಅಮ್ಮ. ಕ್ಷಮಿಸಿದೆ ಎಂದು ಪಾದ್ರಿಗಳಿಗೆ ಕೇಳುವಂತೆ ಹೇಳು. ನಿನ್ನೆಯಿಂದ ನನಗೆ ಹಾಲಿಲ್ಲ."

ನಾಯಿ ದೂರದಲ್ಲೇ ನಿಂತಿತ್ತು. "ನಿನ್ನ ಮರಿಯನ್ನು ತಿಂದವನು ನಾನೇ, ಅಮ್ಮ. ಅದನ್ನು ಮರಳಿ ತಂದುಕೊಡಲಾರೆ. ಮರಿ ತಿನ್ನುವ ಆಸೆ ನನ್ನಲ್ಲಿ ಇನ್ನೂ ಸತ್ತಿಲ್ಲ. ಅದಕ್ಕೇ ನಾನು ನಿನ್ನ ಗೂಡಿನ ಹತ್ತಿರ ಬರುವುದಿಲ್ಲ" ಎಂದಿತು.

"ಇಬ್ಬರನ್ನೂ ಕ್ಷಮಿಸಿದ್ದೇನೆ" ಎಂದಿತು ಹೇಂಟೆ.

ಮರುದಿನ ಪಾದ್ರಿಗಳ ಕೋಪ ಇಳಿಯಿತು. ಬೆಕ್ಕು ಹಾಲು ಕುಡಿದು ನೇರ ಗೂಡಿಗೆ ಬಂದು, "ಮರಿಗಳು ಈಗ ಎಲ್ಲಿ ಮಲಗುತ್ತವೆ, ಅಮ್ಮ?" ಎಂದು ಕೇಳಿತು.

ಹೇಂಟೆ ಉಳಿದ ಮರಿಗಳನ್ನು ಕರೆದುಕೊಂಡು ನಾಯಿ ಮಲಗಿದ್ದ ಕಡೆಗೆ ನಡೆಯಿತು. ಒಂದು ಮರಿ ಎಡವಿ ನಾಯಿಯ ಮುಂಗಾಲಿನ ಮೇಲೆ ಬಿತ್ತು. ನಾಯಿ ಕಣ್ಣು ಮುಚ್ಚಿ ಮುಖವನ್ನು ಗೋಡೆಯ ಕಡೆಗೆ ತಿರುಗಿಸಿಕೊಂಡಿತು.

ಹೇಂಟೆ ಮರಿಯನ್ನು ಹಿಂದಕ್ಕೆ ಕರೆಯಲಿಲ್ಲ. ತಾನೂ ಅಲ್ಲೇ ರೆಕ್ಕೆ ಹರಡಿ ಕುಳಿತುಕೊಂಡಿತು.